ಬಿರುಕು ಬಿಟ್ಟ ಬೆಟ್ಟದ ಕೆಳಗಿನ ಪಂಚಾಯಿತಿ

1934ರ ಏಪ್ರಿಲ್ 7, ನಸುಕಿನ ಮೂರು ಗಂಟೆ ಹೊತ್ತು. ಪಶ್ಚಿಮ ನಾರ್ವೆಯ ತಾಫ್ಯೋರ್ಡ್ ಊರು ಮಲಗಿತ್ತು. ಅಲ್ಲಿಂದ ಕೆಲವು ಕಿಲೋಮೀಟರ್ ಆಚೆ, ಲಾಂಗ್‌ಹಾಮರೆನ್ ಎಂಬ ಬಂಡೆಗೋಡೆ ಸುಮಾರು 700 ಮೀಟರ್ ಎತ್ತರದಿಂದ ಕಳಚಿ, ಫ್ಯೋರ್ಡ್ ಎಂಬ ಕಿರಿದಾದ ಕಡಲಚಾಚಿನ ನೀರಿಗೆ ಬಿತ್ತು. ಒಂದೆರಡು ಬಂಡೆಯಲ್ಲ, ಸುಮಾರು 20ರಿಂದ 30 ಲಕ್ಷ ಘನ ಮೀಟರ್ ಕಲ್ಲು.

ಬಿದ್ದ ಜಾಗದ ಹತ್ತಿರ ನೀರು 60 ಮೀಟರಿಗೂ ಮೇಲೆ ದಡ ಹತ್ತಿತು. ತಾಫ್ಯೋರ್ಡ್ ಮುಟ್ಟುವಾಗಲೂ ಸುಮಾರು 16 ಮೀಟರ್ ಇತ್ತು. ಅಂದರೆ ಐದಂತಸ್ತಿನ ಕಟ್ಟಡದಷ್ಟು! ಒಂದರ ಹಿಂದೆ ಒಂದು ಅಲೆ ಬಂತು. ಮೊದಲನೆಯದು ಚಿಕ್ಕದು, ಹಿಂದಿನವು ದೊಡ್ಡವು. ತಾಫ್ಯೋರ್ಡ್ ಮತ್ತು ಫ್ಯೋರಾ, ಎರಡು ಊರು ಸೇರಿ 40 ಜನ ಸತ್ತರು.

ಕೆರೆಗೆ ಕಲ್ಲೆಸೆದರೆ ಅಲೆ ಸುತ್ತಲೂ ಹರಡಿ ಸಣ್ಣದಾಗುತ್ತದೆ. ಕಿರಿದಾದ ಕಾಲುವೆಗೆ ಎಸೆದರೆ ಹರಡೋಕೆ ಜಾಗ ಎಲ್ಲಿ? ಫ್ಯೋರ್ಡ್ ಅಂದರೆ ಅಂಥದ್ದೇ ಜಾಗ. ಹಿಮನದಿ ಕೊರೆದ ಆಳವಾದ ಕಣಿವೆಗೆ ಕಡಲು ನುಗ್ಗಿ ಆದದ್ದು. ಬೆಟ್ಟಕ್ಕೆ ಒತ್ತುಕೊಟ್ಟಿದ್ದ ಹಿಮ ಕರಗಿ ಹೋಯಿತು, ಕಡಿದಾದ ಗೋಡೆಗಳು ಹಾಗೇ ನಿಂತವು. ಬಿರುಕಿಗೆ ಇಳಿದ ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಪ್ರತಿ ಚಳಿಗಾಲವೂ ಒಂದೊಂದು ಬೆಣೆ ಹೊಡೆದ ಹಾಗೆ.

ಈ ಎರಡೂ ಊರು ನೂರ್‌ಡಾಲ್ ಎಂಬ 'ಕೊಮ್ಮೂನೆ'ಗೆ ಸೇರಿದ್ದವು. ನಮ್ಮ ಪಂಚಾಯಿತಿ ಥರ ಅಂದುಕೊಳ್ಳಿ. 1837ರಲ್ಲಿ ನಾರ್ವೆ ಸ್ಥಳೀಯ ಆಡಳಿತದ ಕಾನೂನು ತಂದಿತು. ಮರುವರ್ಷವೇ ನೂರ್‌ಡಾಲ್ ಹುಟ್ಟಿತು. ಸುಮಾರು 940 ಚದರ ಕಿಲೋಮೀಟರ್ ನೆಲ, ಕೊನೆಗಾಲದಲ್ಲಿ ಎರಡು ಸಾವಿರಕ್ಕೂ ಕಡಿಮೆ ಜನ. ಉಳಿದದ್ದೆಲ್ಲ ಬೆಟ್ಟ, ಮೇಕೆ, ನೀರು.

ಅದರ ಲಾಂಛನದಲ್ಲಿ ಒಂದು ಹಾವಿತ್ತು. ಸುಮಾರು ಸಾವಿರ ವರ್ಷದ ಹಿಂದೆ ಓಡಿಬಂದ ನಾರ್ವೆಯ ದೊರೆ ಓಲಾವ್, ಅಡ್ಡ ಬಂದ ಕಡಲಹಾವನ್ನು ಎತ್ತಿ ಬೆಟ್ಟಕ್ಕೆ ಅಪ್ಪಳಿಸಿದನಂತೆ. ಸಿಲ್ಟೆ ಊರಿನ ಬೆಟ್ಟದ ಮೇಲೆ ಅದರ ಗುರುತು ಈಗಲೂ ಇದೆ, ಸುತ್ತಿಕೊಂಡ ಬಿಳಿಚು ಪಟ್ಟೆ. ನಿಜಕ್ಕೂ ಅದು ಬಂಡೆಯೊಳಗಿನ ತಿಳಿಬಣ್ಣದ ಕಲ್ಲು ಅಷ್ಟೇ. ಆದರೂ ಬೆಟ್ಟವನ್ನು ದಿನಾ ನೋಡುವವರಿಗೇ ಇಂಥ ಕಥೆ ಹೊಳೆಯೋದು, ಅಲ್ವಾ?

1930ರಲ್ಲಿ ನಾರ್ವೆಯಲ್ಲಿ ಇಂಥ 747 ಕೊಮ್ಮೂನೆಗಳಿದ್ದವು. ಖರ್ಚು, ಆಡಳಿತ ಅಂತ ಸೇರಿಸುತ್ತಾ ಸೇರಿಸುತ್ತಾ 2020ಕ್ಕೆ 356 ಉಳಿದವು. ಆ ವರ್ಷ ಜನವರಿ 1ಕ್ಕೆ ನೂರ್‌ಡಾಲ್ ಕೂಡ ಪಕ್ಕದ ಸ್ಟೂರ್‌ಡಾಲ್ ಜೊತೆ ಸೇರಿಹೋಯಿತು. ಹೊಸ ಹೆಸರು ಬರೀ 'ಫ್ಯೋರ್ಡ್'. ತಾಲ್ಲೂಕಿಗೆ ಸುಮ್ನೆ 'ಹೊಳೆ' ಅಂತ ಹೆಸರಿಟ್ಟ ಹಾಗೆ. ನನಗಂತೂ ಹಳೆಯದೇ ಚೆನ್ನಾಗಿತ್ತು ಅನ್ನಿಸುತ್ತದೆ.

ಬಿರುಕಿನ ಕಾವಲು ಮಾತ್ರ ಈ ವಿಲೀನಕ್ಕೂ ಮುಂಚಿನದು. ನೆರೆಯ ಸ್ಟ್ರಾಂಡಾದಲ್ಲಿ ಓಕ್ನೆಸೆಟ್ ಎಂಬ ಬೆಟ್ಟದ ಪಕ್ಕೆ ವರ್ಷಕ್ಕೆ ಕೆಲವು ಸೆಂಟಿಮೀಟರ್ ಜಾರುತ್ತಲೇ ಇದೆ. 2004ರಿಂದ ಅದನ್ನೂ, ತಾಫ್ಯೋರ್ಡ್ ದಾರಿಯ ಹೆಗ್ಗುರಾಕ್ಸ್ಲಾ ಬೆಟ್ಟವನ್ನೂ ಅಳೆಯುವ ಕೆಲಸ ಶುರುವಾಯಿತು: ಜಿಪಿಎಸ್, ಲೇಸರ್, ರೇಡಾರ್. ಬೆಟ್ಟ ಬೀಳುವ ಮುಂಚೆ ಜಾರುವ ವೇಗ ಏರುತ್ತದೆ, ಆಗ ಜನರನ್ನು ಮೇಲಕ್ಕೆ ಕಳಿಸಬಹುದು ಅನ್ನೋದು ಲೆಕ್ಕ. ಓಕ್ನೆಸೆಟ್ ಅಲೆ ಎಲ್ಲೆಲ್ಲಿ ಹತ್ತಬಹುದು ಅಂತ ನಕ್ಷೆಯನ್ನೂ ಬರೆದಿದ್ದಾರೆ. ನೂರ್‌ಡಾಲ್‌ಗೇ ಸೇರಿದ್ದ, ಸ್ಟ್ರಾಬೆರಿಗೆ ಹೆಸರಾದ ವಾಲ್‌ಡಾಲ್‌ನ ದಡವೂ ಅದರೊಳಗಿದೆ.