ಬಿಳಿ ಹವಳ ಸತ್ತಿಲ್ಲ, ಹಸಿದಿದೆ

ಪರದೆಯ ಮೇಲೆ ಹವಳದ ದಿಬ್ಬ ತೋರಿಸಿದರೆ ಮಕ್ಕಳು ಮೊದಲು ಹುಡುಕುವುದು ಮೀನನ್ನು, ಆಮೇಲೆ ಆಮೆಯನ್ನು. ಹವಳ ಅವರ ಕಣ್ಣಿಗೆ ಬರೀ ಹಿಂದಿನ ಗೋಡೆ. ಕಡಲನ್ನೇ ಕಾಣದವರಿಗೆ ಆನ್‌ಲೈನ್‌ನಲ್ಲಿ ಹವಳದ ಪಾಠ ಹೇಳುವ ನಾನು ಶುರುವಿನಲ್ಲಿ ಚಂದದ ವಿಡಿಯೊ ಹಾಕಿ ಮಾತಾಡುತ್ತಿದ್ದೆ. ಬೆರಗಾಗಿ ನೋಡುತ್ತಿದ್ದರು, ಮರುದಿನ ಮರೆಯುತ್ತಿದ್ದರು.

ಈಗ ಒಂದು ಒಣ ತುಂಡಿನಿಂದ ಶುರುಮಾಡುತ್ತೇನೆ. ಸತ್ತ ಹವಳದ ಅಸ್ಥಿಪಂಜರವನ್ನು ಕ್ಯಾಮೆರಾಗೆ ಹತ್ತಿರ ಹಿಡಿದು, ಇದು ಕಲ್ಲೋ, ಗಿಡವೋ, ಪ್ರಾಣಿಯೋ ಎಂದು ಕೇಳಿ ಸುಮ್ಮನಾಗುತ್ತೇನೆ. ಮಾತು ಆ ಕಡೆ ತಲುಪಿ ಉತ್ತರ ಬರಲು ಕೆಲವು ಸೆಕೆಂಡು ಬೇಕು. ಆ ಮೌನಕ್ಕೆ ಹೆದರಿ ಉತ್ತರವನ್ನೂ ನಾವೇ ಹೇಳಿಬಿಟ್ಟರೆ ಪಾಠ ಕೆಟ್ಟಿತು. ನಂತರ ಯುಎಸ್‌ಬಿ ಸೂಕ್ಷ್ಮದರ್ಶಕ. ತುಂಡಿನ ಮೇಲಿನ ಒಂದೊಂದು ಗುಳಿಯೂ ಒಂದೊಂದು ಪಾಲಿಪ್, ಅಂದರೆ ಹವಳವನ್ನು ಕಟ್ಟುವ ಪುಟ್ಟ ಪ್ರಾಣಿ, ಕೂತಿದ್ದ ಬಟ್ಟಲು. ಒಂದು ಬಾಯಿ, ಸುತ್ತ ಕುಟುಕುವ ಎಳೆಗಳು, ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ. ಹವಳದ ಬಹುಪಾಲು ಊಟವೂ, ಕಂದು ಬಣ್ಣವೂ ಆ ಪಾಚಿಯದೇ.

ಒಮ್ಮೆ ಬಿಳಿಚಿದ ದಿಬ್ಬದ ನೇರಪ್ರಸಾರದಲ್ಲಿ ಹುಡುಗನೊಬ್ಬ, "ಮಿಸ್, ನಿಮ್ಮ ಕ್ಯಾಮೆರಾ ಕೆಟ್ಟಿದೆಯಾ? ಬಣ್ಣವೇ ಇಲ್ಲ" ಅಂದ. ಅನುಮಾನ ಸರಿಯಾಗಿಯೇ ಇತ್ತು. ನೀರು ಕೆಂಪು ಬೆಳಕನ್ನು ಮೊದಲು ನುಂಗುವುದರಿಂದ ಆಳದಲ್ಲಿ ಎಲ್ಲವೂ ನೀಲಿಯಾಗಿ ಕಾಣುತ್ತದೆ. ಮುಳುಗುಗಾರರಿಗೆ ಟಾರ್ಚ್ ಹಾಕಲು ಹೇಳಿದೆ. ಪಕ್ಕದ ಆರೋಗ್ಯವಂತ ಹವಳ ತಟ್ಟನೆ ಕಂದಾಯಿತು. ಬಿಳಿಚಿದ್ದು ಬಿಳಿಯಾಗಿಯೇ ಉಳಿಯಿತು. ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ಮುಂದುವರಿದರೆ ಹವಳ ಪಾಚಿಯನ್ನು ಹೊರಹಾಕುತ್ತದೆ, ಒಳಗಿನ ಸುಣ್ಣದ ಎಲುಬು ಕಾಣುತ್ತದೆ. ಅದು ಸಾವಲ್ಲ, ಉಪವಾಸ. ನೀರು ಬೇಗ ತಂಪಾದರೆ ಚೇತರಿಸಿಕೊಳ್ಳಬಹುದು. 'ಬಿಳಿಯಾಯಿತು, ಸತ್ತಿತು' ಎಂದು ಹೇಳಿಕೊಡುವ ಕಾರ್ಯಕ್ರಮಗಳ ಬಗ್ಗೆ ನನಗೆ ಸಿಟ್ಟಿದೆ. ಅಂಥ ಪಾಠ ಕೇಳಿದ ಮಗು ಕೈಚೆಲ್ಲಿ ಕೂರುತ್ತದೆ.

ಬಣ್ಣ ಅಳೆಯಲು ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ 'ಕೋರಲ್‌ವಾಚ್' ಯೋಜನೆ ರೂಪಿಸಿದ ಬಣ್ಣದ ಪಟ್ಟಿ ಇದೆ: ನಾಲ್ಕು ವರ್ಣ, ಒಂದೊಂದರಲ್ಲಿ ಆರು ಛಾಯೆ. ಪಟ್ಟಿಯನ್ನು ಮಕ್ಕಳ ಕೈಗೆ ಕೊಟ್ಟು ಪರದೆಗೆ ಹೋಲಿಸಿ ಎಂದರೆ ಪ್ರಯೋಜನವಿಲ್ಲ, ಪ್ರತಿ ಪರದೆಯ ಬಣ್ಣವೂ ಬೇರೆ. ನೀರಿನಲ್ಲೇ ಪಟ್ಟಿಯನ್ನು ಹವಳದ ಪಕ್ಕ ಹಿಡಿದು ಚಿತ್ರ ತೆಗೆಯಬೇಕು. ಆಗ ಎರಡೂ ಒಟ್ಟಿಗೆ ಬಣ್ಣಗೆಡುತ್ತವೆ, ಹೋಲಿಕೆ ಮಾತ್ರ ಉಳಿಯುತ್ತದೆ.

"ನಾವೇನು ಮಾಡಬಹುದು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಹವಳಕ್ಕೆ ಹಾನಿ ಮಾಡಬಹುದೆಂಬ ಆತಂಕದಿಂದ ಆಕ್ಸಿಬೆಂಜೋನ್ ಎಂಬ ರಾಸಾಯನಿಕ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರಿಂದ ನಿಷೇಧಿಸಿದ ಕಥೆ ಹೇಳುವುದು ಸುಲಭ. ಕಡಲಿಗೇ ಇಳಿಯದವರಿಗೆ ಅದರಿಂದೇನು? ಜಾಗತಿಕ ತಾಪಮಾನ ಏರಿಕೆಯ ಹೆಚ್ಚುವರಿ ಶಾಖದಲ್ಲಿ ಶೇ. 90ರಷ್ಟು ಸೇರುವುದು ಸಾಗರಕ್ಕೆ. ನಾಲ್ಕನೇ ಜಾಗತಿಕ ಬಿಳಿಚುವಿಕೆ ನಡೆಯುತ್ತಿದೆ ಎಂದು 2024ರ ಏಪ್ರಿಲ್‌ನಲ್ಲಿ ಘೋಷಣೆಯಾಯಿತು. ಎಲ್ಲೋ ಉರಿದ ಕಲ್ಲಿದ್ದಲಿಗೆ ದೂರದ ಲೆಕ್ಕವಿಲ್ಲ ಎನ್ನುತ್ತೇನೆ. ಪ್ರತಿಜ್ಞೆ ಮಾಡಿಸುವುದಿಲ್ಲ, ಹತ್ತು ವರ್ಷದವರ ತಲೆಗೆ ಆ ಹೊರೆ ಬೇಡ.

ಮೊನ್ನೆ ರಾತ್ರಿಯ ಹೊತ್ತು ಪಾಲಿಪ್‌ಗಳು ಅರಳುವ ದೃಶ್ಯ ಹಾಕಿದ್ದೆ. "ಅವು ನಮ್ಮನ್ನು ನೋಡುತ್ತಿವೆಯಾ?" ಅಂದಳು ಒಬ್ಬಳು. ಕಣ್ಣಿಲ್ಲ, ಆದರೆ ಬೆಳಕು ತಿಳಿಯುತ್ತದೆ ಅಂದೆ. ಹುಣ್ಣಿಮೆ ಕಳೆದ ಕೆಲವೇ ರಾತ್ರಿಗಳಲ್ಲಿ ಎಷ್ಟೋ ಜಾತಿಯ ಹವಳಗಳು ಒಟ್ಟಿಗೆ ಮೊಟ್ಟೆ ಬಿಡುತ್ತವೆ. ಮುಂದಿನ ತರಗತಿಗೆ ಅದನ್ನೇ ಇಟ್ಟುಕೊಂಡಿದ್ದೇವೆ.