ಗಾಳಿಯಂತ್ರ ಮನೆಯಿಂದ ಎಷ್ಟು ದೂರ ಇದ್ದರೆ ತೊಂದರೆ ಇಲ್ಲ?

ಪ್ರಶ್ನೆ: ನಮ್ಮ ಊರ ಪಕ್ಕದ ಗುಡ್ಡದ ಮೇಲೆ ಗಾಳಿ ವಿದ್ಯುತ್ ಯೋಜನೆ ಬರುತ್ತದಂತೆ. ಮನೆಗಳಿಂದ 500 ಮೀಟರ್ ದೂರ ಇಡುತ್ತೇವೆ, ಏನೂ ತೊಂದರೆ ಆಗುವುದಿಲ್ಲ ಅಂತ ಕಂಪನಿಯವರು ಹೇಳುತ್ತಿದ್ದಾರೆ. 500 ಮೀಟರ್ ಸಾಕಾ?

ಇದೇ ಪ್ರಶ್ನೆಯನ್ನು ತುಂಬಾ ಜನ ಕೇಳುತ್ತಾರೆ. ನೇರವಾಗಿ ಹೇಳಿಬಿಡುತ್ತೇನೆ. ಬರೀ ಮೀಟರ್ ಲೆಕ್ಕ ಕೇಳಿ ಹೂಂ ಅನ್ನಬೇಡಿ, ಉಹೂಂ ಅಂತಲೂ ಅನ್ನಬೇಡಿ. 500 ಮೀಟರ್ ಒಂದು ಯಂತ್ರಕ್ಕೆ ಧಾರಾಳವಾಗುತ್ತದೆ, ಇನ್ನೊಂದಕ್ಕೆ ಸಾಲುವುದಿಲ್ಲ.

ಮೊದಲು ಯಂತ್ರ ಎಷ್ಟು ಎತ್ತರ ಅಂತ ಕೇಳಿ. ಕಂಬದ ಎತ್ತರ ಅಲ್ಲ, ರೆಕ್ಕೆ ನೆಟ್ಟಗೆ ಮೇಲಕ್ಕೆ ನಿಂತಾಗ ಅದರ ತುದಿವರೆಗಿನ ಎತ್ತರ. ಇದನ್ನು ಒತ್ತಿ ಕೇಳಬೇಕು, ಯಾಕೆಂದರೆ ಕಂಬದ ಎತ್ತರವನ್ನಷ್ಟೇ ಹೇಳಿದರೆ ಯಂತ್ರ ಇರುವುದಕ್ಕಿಂತ ಸಣ್ಣದಾಗಿ ಕೇಳಿಸುತ್ತದೆ. ಡೆನ್ಮಾರ್ಕ್‌ನಲ್ಲಿ ಈ ಒಟ್ಟು ಎತ್ತರದ 4 ಪಟ್ಟು ದೂರದೊಳಗೆ ಮನೆ ಇರಕೂಡದು ಅಂತ ನಿಯಮ. ಹಳೇ ಕಾಲದ 80 ಮೀಟರಿನ ಯಂತ್ರಕ್ಕೆ ಅದು 320 ಮೀಟರ್ ಆಯಿತು, ಈಗಿನ 200 ಮೀಟರಿನದಕ್ಕೆ 800 ಮೀಟರ್. ಅಂದರೆ ನಿಮಗೆ ಹೇಳಿರುವ 500 ಮೀಟರ್ ಆ ನಿಯಮಕ್ಕೆ ಹೊಂದಬೇಕಾದರೆ ಯಂತ್ರ 125 ಮೀಟರ್ ದಾಟಬಾರದು. ಹಾಗಂತ ದೂರ ಜಾಸ್ತಿ ಮಾಡಿದಷ್ಟೂ ಒಳ್ಳೆಯದು ಅಂತಲೂ ಅಲ್ಲ. ಜರ್ಮನಿಯ ಬವೇರಿಯಾ ರಾಜ್ಯ 2014ರಲ್ಲಿ ಎತ್ತರದ 10 ಪಟ್ಟು ದೂರ ಇರಲೇಬೇಕು ಅಂತ ಕಾನೂನು ತಂದಿತು. ಅಲ್ಲಿ ಹೊಸ ಯಂತ್ರದ ಅರ್ಜಿಗಳೇ ನೆಲಕಚ್ಚಿದವು. ಕೊನೆಗೆ ನಿಯಮ ಸಡಿಲ ಮಾಡಬೇಕಾಯಿತು.

ಈಗ ಸದ್ದಿನ ವಿಷಯ. ಜಗಳ ಜಾಸ್ತಿ ಆಗುವುದು ಇಲ್ಲೇ, ಮತ್ತು ಜನರ ಮಾತನ್ನು ಬೇಗ ತಳ್ಳಿಹಾಕುವುದೂ ಇಲ್ಲೇ.

ದೊಡ್ಡ ಯಂತ್ರದ ರೆಕ್ಕೆ ನೋಡುವುದಕ್ಕೆ ನಿಧಾನ ಅನ್ನಿಸುತ್ತದೆ, ಆದರೆ ಅದರ ತುದಿ ಗಂಟೆಗೆ 250 ಕಿಲೋಮೀಟರಿಗೂ ಹೆಚ್ಚು ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಸದ್ದು ಹುಟ್ಟುವುದು ಮುಖ್ಯವಾಗಿ ಅಲ್ಲಿಂದ. ದೂರ ಎರಡು ಪಟ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ, ಹಾಗಾಗಿ ಹತ್ತಿರದಲ್ಲಿ ನೂರಿನ್ನೂರು ಮೀಟರ್ ವ್ಯತ್ಯಾಸವೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಗಾಳಿಯಂತ್ರದ ಸದ್ದು ದಿನ, ಸಂಜೆ, ರಾತ್ರಿ ಸೇರಿದ ಸರಾಸರಿಯಲ್ಲಿ 45 ಡೆಸಿಬಲ್ ಒಳಗಿರಲಿ ಅಂತ ಸಲಹೆ ಕೊಟ್ಟಿತು. ಆದರೆ ಸರಾಸರಿ ಹಿಡಿದುಕೊಂಡರೆ ರಾತ್ರಿಯ ಸಂಗತಿ ಕೈತಪ್ಪುತ್ತದೆ. ಹಗಲಲ್ಲಿ ನೆಲದ ಮೇಲೂ ಗಾಳಿ ಬೀಸುತ್ತಿರುತ್ತದೆ, ಎಲೆ ಅಲ್ಲಾಡುತ್ತದೆ, ಗಾಡಿ ಓಡಾಡುತ್ತದೆ, ಯಂತ್ರದ ಸದ್ದು ಅದರಲ್ಲಿ ಮುಳುಗಿಹೋಗುತ್ತದೆ. ಸೂರ್ಯ ಮುಳುಗಿ ನೆಲ ತಣ್ಣಗಾದ ಮೇಲೆ ಕೆಳಗೆ ಗಾಳಿ ನಿಂತುಬಿಡುತ್ತದೆ, ಆದರೆ 100 ಮೀಟರ್ ಮೇಲೆ ಜೋರಾಗಿ ಬೀಸುತ್ತಲೇ ಇರುತ್ತದೆ. ಅಂಗಳದಲ್ಲಿ ಒಂದು ಎಲೆಯೂ ಅಲ್ಲಾಡುವುದಿಲ್ಲ. ಆಗ ಅದು ಕೇಳಿಸುತ್ತದೆ: ವುಶ್, ಸ್ವಲ್ಪ ಬಿಡುವು, ಮತ್ತೆ ವುಶ್. ಏರಿಳಿಯುವ ಸದ್ದು ಒಂದೇ ಸಮನೆ ಇರುವ ಸದ್ದಿಗಿಂತ ಬೇಗ ಕಿವಿಗೆ ಅಂಟಿಕೊಳ್ಳುತ್ತದೆ, ಮುಂದಿನದು ಯಾವಾಗ ಬರುತ್ತದೋ ಅಂತ ಮನಸ್ಸು ಕಾಯುತ್ತಾ ಕೂರುತ್ತದೆ. ರಾತ್ರಿ ನಿದ್ದೆ ಬರುವುದಿಲ್ಲ ಅಂತ ಯಾರಾದರೂ ಹೇಳಿದರೆ, ಹಗಲು ಬಂದು ಸದ್ದು ಅಳೆಯುವ ಮೀಟರ್ ಹಿಡಿದು ಎಲ್ಲ ಸರಿ ಇದೆ ಅನ್ನುವುದು ಉತ್ತರವೇ ಅಲ್ಲ.

ಇನ್ನೊಂದು ಮಾತು ಬಹಳ ಓಡಾಡುತ್ತದೆ. ಕಿವಿಗೆ ಕೇಳದ ಸದ್ದಿನಿಂದ ಕಾಯಿಲೆ ಬರುತ್ತದೆ ಅಂತ. ಇದಕ್ಕೆ ಹೆದರಬೇಕಿಲ್ಲ. ಆಸ್ಟ್ರೇಲಿಯಾದಲ್ಲಿ ಸದ್ದಿಗೆ ಸೂಕ್ಷ್ಮವಾಗಿರುವ 37 ಜನರನ್ನು 72 ಗಂಟೆ ಅಂಥ ಸದ್ದಿನಲ್ಲಿ ಇರಿಸಿ ನೋಡಿದರು, ನಿದ್ದೆಗಾಗಲಿ ಆರೋಗ್ಯಕ್ಕಾಗಲಿ ತೊಂದರೆ ಕಾಣಲಿಲ್ಲ. ಕೆನಡಾದ ಆರೋಗ್ಯ ಇಲಾಖೆ 2014ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲೂ ಸದ್ದು ಏರಿದಷ್ಟೂ ಕಿರಿಕಿರಿ ಏರಿತ್ತು, ಕಾಯಿಲೆಗೂ ಅದಕ್ಕೂ ನಂಟು ಸಿಗಲಿಲ್ಲ. ಕಿರಿಕಿರಿ ನಿಜ. ಅದನ್ನು ಹೇಳಿಕೊಳ್ಳುವುದಕ್ಕೆ ಕಾಯಿಲೆಯ ಹೆಸರು ಬೇಕಾಗಿಲ್ಲ.

ನೆರಳಿನ ತೊಂದರೆಗೆ ಪರಿಹಾರ ಸುಲಭ. ಸೂರ್ಯ ಕೆಳಗಿದ್ದಾಗ ಯಂತ್ರ ಅಡ್ಡ ಬಂದರೆ ರೆಕ್ಕೆಯ ನೆರಳು ಕಿಟಕಿ ಮೇಲೆ ಹಾದುಹೋಗುತ್ತದೆ. ನೀವು ಪುಸ್ತಕ ಹಿಡಿದು ಕೂತಿದ್ದೀರಿ ಅಂದುಕೊಳ್ಳಿ. ಪುಟ ಮಂಕಾಗುತ್ತದೆ, ಬೆಳಗುತ್ತದೆ, ಮತ್ತೆ ಮಂಕಾಗುತ್ತದೆ. ನಿಮಿಷಕ್ಕೆ 12 ಸುತ್ತು ತಿರುಗುವ ಮೂರು ರೆಕ್ಕೆಯ ಯಂತ್ರವಾದರೆ ನಿಮಿಷಕ್ಕೆ 36 ಸಲ. ಮೂರ್ಛೆ ರೋಗ ಕೆರಳಿಸುವಷ್ಟು ವೇಗ ಇದಲ್ಲ, ಆದರೆ ಹತ್ತು ನಿಮಿಷ ಕೂತರೆ ಎದ್ದು ಹೋಗಬೇಕು ಅನ್ನಿಸುತ್ತದೆ. ಜರ್ಮನಿಯಲ್ಲಿ ಒಂದು ಮನೆ ಮೇಲೆ ಈ ನೆರಳು ದಿನಕ್ಕೆ 30 ನಿಮಿಷ, ವರ್ಷಕ್ಕೆ 30 ಗಂಟೆ ದಾಟುವಂತಿಲ್ಲ. ಯಾವ ಮನೆ ಮೇಲೆ ಯಾವ ದಿನ ಎಷ್ಟು ಹೊತ್ತಿಗೆ ನೆರಳು ಬೀಳುತ್ತದೆ ಅಂತ ಮೊದಲೇ ಲೆಕ್ಕ ಹಾಕಬಹುದು, ಆ ಹೊತ್ತಿಗೆ ಯಂತ್ರ ತಾನಾಗಿ ನಿಲ್ಲುವಂತೆ ಮಾಡಬಹುದು. ನಿಮ್ಮ ಮನೆಯ ಲೆಕ್ಕ ಕೊಡಿ ಅಂತ ಕೇಳಿ.

ಈಗ ನನಗೆ ಬಹಳ ಮುಖ್ಯ ಅನ್ನಿಸುವ ಸಂಗತಿ. ನೆದರ್‌ಲ್ಯಾಂಡ್ಸ್‌ನಲ್ಲಿ ಗಾಳಿಯಂತ್ರಗಳ ಹತ್ತಿರ ವಾಸಿಸುವ 725 ಜನರನ್ನು ಕೇಳಿ ನೋಡಿದರು, ಫಲಿತಾಂಶ 2009ರಲ್ಲಿ ಬಂತು. ಯಂತ್ರದಿಂದ ಆದಾಯ ಇದ್ದವರು ಸಾಮಾನ್ಯವಾಗಿ ಯಂತ್ರಕ್ಕೆ ಇನ್ನೂ ಹತ್ತಿರ ಇದ್ದರು, ಅವರಿಗೆ ಸದ್ದೂ ಜಾಸ್ತಿ ಕೇಳುತ್ತಿತ್ತು. ಆದರೂ ಅವರಿಗೆ ಕಿರಿಕಿರಿ ಆಗಿರಲಿಲ್ಲ ಅಂತಲೇ ಹೇಳಬಹುದು. ದುಡ್ಡು ಬಾಯಿ ಮುಚ್ಚಿಸಿತು ಅಂತ ಕೆಲವರು ಇದನ್ನು ಓದುತ್ತಾರೆ. ನಾನು ಹಾಗೆ ಓದುವುದಿಲ್ಲ. ನೀವೇ ಒಪ್ಪಿ, ಜಾಗ ತೋರಿಸಿ, ಪಾಲು ಪಡೆದ ಯಂತ್ರದ ಸದ್ದು ಬೇರೆ. ಬೇರೆಯವರು ನಿಮ್ಮನ್ನು ಒಂದು ಮಾತೂ ಕೇಳದೆ ತಂದು ನಿಲ್ಲಿಸಿದ್ದರ ಸದ್ದು ಬೇರೆ. ಒಬ್ಬನ ಹೊಲಕ್ಕೆ ಗುತ್ತಿಗೆ ದುಡ್ಡು ಬಂದು, ನೆರಳು ಮಾತ್ರ ಪಕ್ಕದವನ ಮನೆ ಮೇಲೆ ಬಿದ್ದರೆ ಅಲ್ಲಿ ಮುರಿಯುವುದು ನೆರೆಹೊರೆ, ಅಲ್ವಾ? ಡೆನ್ಮಾರ್ಕ್ 2009ರ ಕಾನೂನಿನಲ್ಲಿ ಹೊಸ ಯೋಜನೆಯ ಕನಿಷ್ಠ 20 ಶೇಕಡಾ ಪಾಲನ್ನು ಸುತ್ತಲಿನ ಜನರಿಗೆ ಕೊಳ್ಳುವುದಕ್ಕೆ ಕೊಡಬೇಕು ಅಂತ ಸೇರಿಸಿತ್ತು. ಸ್ಕಾಟ್ಲೆಂಡ್‌ನ ಗೀಯಾ ಎಂಬ ಸಣ್ಣ ದ್ವೀಪದ ಜನ ಹಳೇ ಯಂತ್ರ ಮೂರನ್ನು ತಾವೇ ಕೊಂಡು ನಿಲ್ಲಿಸಿದರು, ಅವಕ್ಕೆ ಕುಣಿಯುವ ಹೆಂಗಸರು ಅಂತ ಹೆಸರೂ ಇಟ್ಟರು.

ಮನೆಯಿಂದ ದೂರ ಇದ್ದರೂ ಬದುಕಿಗೆ ಹತ್ತಿರ ಇರಬಹುದು, ಇದನ್ನು ಮರೆಯಬೇಡಿ. ನಾರ್ವೆಯ ಫೋಸೆನ್‌ನಲ್ಲಿ 151 ಯಂತ್ರಗಳು ನಿಂತಿದ್ದು ಸಾಮಿ ಎಂಬ ಅಲ್ಲಿನ ಮೂಲನಿವಾಸಿ ಜನರ ಮನೆ ಪಕ್ಕದಲ್ಲಲ್ಲ, ಅವರ ಹಿಮಸಾರಂಗಗಳು ಚಳಿಗಾಲದಲ್ಲಿ ಮೇಯುವ ಜಾಗದಲ್ಲಿ. 2021ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಪರವಾನಗಿಗಳು ಸಿಂಧುವಲ್ಲ ಅಂದಿತು. ಅಷ್ಟು ಹೊತ್ತಿಗೆ ಯಂತ್ರಗಳು ತಿರುಗುತ್ತಿದ್ದವು, ತೀರ್ಪು ಬಂದ ಮೇಲೂ ಅವನ್ನು ಕೀಳಲಿಲ್ಲ. ಹಾಗಾಗಿ ನಕ್ಷೆ ನೋಡುವಾಗ ಮನೆಗಳನ್ನಷ್ಟೇ ಗುರುತು ಮಾಡಬೇಡಿ. ದನ ಮೇಯುವ ಜಾಗ, ನೀರಿನ ದಾರಿ, ಹಕ್ಕಿಗಳು ಹಾದುಹೋಗುವ ಇಳಿಜಾರು, ಉದ್ದುದ್ದ ರೆಕ್ಕೆ ಹೊತ್ತ ಲಾರಿ ತಿರುಗಲು ಅಗಲ ಮಾಡುವ ರಸ್ತೆ, ಎಲ್ಲವನ್ನೂ ಗುರುತು ಮಾಡಿ. ಎಷ್ಟೋ ಸಲ ಯಂತ್ರಕ್ಕಿಂತ ಆ ರಸ್ತೆಯೇ ಗುಡ್ಡವನ್ನು ಜಾಸ್ತಿ ಕಡಿಯುತ್ತದೆ.

ಗುತ್ತಿಗೆ ಕಾಗದಕ್ಕೆ ಸಹಿ ಹಾಕುವವರು ಕೊನೆಯ ಪುಟಗಳನ್ನು ಮೊದಲು ಓದಿ. ಯಂತ್ರದ ಆಯುಷ್ಯ 20ರಿಂದ 25 ವರ್ಷ. ಆಮೇಲೆ ಅದನ್ನು ಇಳಿಸುವವರು ಯಾರು, ಅದಕ್ಕೆ ದುಡ್ಡು ಈಗಲೇ ಬೇರೆ ತೆಗೆದಿಟ್ಟಿದ್ದಾರಾ, ನೆಲದೊಳಗಿನ ಕಾಂಕ್ರೀಟ್ ಎಷ್ಟು ಆಳದವರೆಗೆ ತೆಗೆಯುತ್ತಾರೆ, ಕಂಪನಿ ಕೈ ಬದಲಾದರೆ ಈ ಮಾತು ನಿಲ್ಲುತ್ತದಾ. ಬಾಯಿಮಾತಲ್ಲಿ ಹೇಳಿದ್ದು ಕಾಗದದಲ್ಲಿ ಇಲ್ಲದಿದ್ದರೆ ಅದು ಇಲ್ಲ ಅಂತಲೇ ಲೆಕ್ಕ.

ಇಷ್ಟೆಲ್ಲ ಆದ ಮೇಲೂ 500 ಮೀಟರ್ ಸಾಕಾ ಬೇಡವಾ ಅಂತ ಮನಸ್ಸು ಗೊಂದಲದಲ್ಲಿದ್ದರೆ ಸುಮ್ನೆ ಊಹೆ ಮಾಡುತ್ತಾ ಕೂರಬೇಡಿ. ನಿಮಗೆ ಹೇಳಿರುವಷ್ಟೇ ಎತ್ತರದ ಯಂತ್ರ ಆಗಲೇ ಇರುವ ಜಾಗ ಯಾವುದು ಅಂತ ಕಂಪನಿಯವರನ್ನೇ ಕೇಳಿ. ನಾಲ್ಕೈದು ಜನ ಒಟ್ಟಿಗೆ ಹೋಗಿ, ಅದರಲ್ಲಿ ಬೇಗ ಎಚ್ಚರವಾಗುವ ಒಬ್ಬರು ಇರಲಿ. ಹಗಲು ಬೇಡ, ರಾತ್ರಿ ಹತ್ತರ ಮೇಲೆ, ಕೆಳಗೆ ಗಾಳಿ ನಿಂತು ಮೇಲೆ ರೆಕ್ಕೆ ಜೋರಾಗಿ ತಿರುಗುತ್ತಿರುವಾಗ. ಮೇಲಿನ ಗಾಳಿ ಯಂತ್ರದಿಂದ ನಿಮ್ಮ ಕಡೆಗೆ ಬರುವ ದಿಕ್ಕಿನಲ್ಲಿ 500 ಮೀಟರ್ ಅಳೆದು ನಿಲ್ಲಿ. ಗಾಡಿ ಬಂದ್ ಮಾಡಿ, ಮಾತು ನಿಲ್ಲಿಸಿ, ಅರ್ಧ ಗಂಟೆ ಕೇಳಿ. ಅಲ್ಲೇ ಹತ್ತಿರ ಮನೆ ಇದ್ದರೆ ಬೆಳಗ್ಗೆ ಅವರನ್ನೂ ಮಾತಾಡಿಸಿ ಬನ್ನಿ, ಯಂತ್ರ ಇರುವ ಹೊಲದವರನ್ನು ಒಮ್ಮೆ, ಯಂತ್ರ ಇಲ್ಲದ ಪಕ್ಕದ ಮನೆಯವರನ್ನು ಇನ್ನೊಮ್ಮೆ.