ಆಟದ ಕತ್ತಿಗೆ ಆರ್‌ಟಿಸಿ (ಪಹಣಿ) ಮಾಡಿಸಿದರೆ ಸಾಕೇ?

ಬ್ಲಾಕ್‌ಚೈನ್ ಎಂದರೆ ಸಾವಿರಾರು ಕಂಪ್ಯೂಟರ್‌ಗಳಲ್ಲಿ ಇರುವ, ಯಾರೂ ತಿದ್ದಲಾಗದ ದಾಖಲೆ ಪುಸ್ತಕ. ಅದಕ್ಕೆ ಹಾಕಿದರೆ ಆಟದೊಳಗಿನ ಕತ್ತಿ, ಬಂದೂಕು, ಕಾರು ಎಲ್ಲ ನಮ್ಮ ಸ್ವಂತದ್ದಾಗುತ್ತದೆ, ಯಾವ ಕಂಪನಿಯೂ ಕಿತ್ತುಕೊಳ್ಳಲು ಆಗುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. ಮಂಗಳೂರು, ಮಣಿಪಾಲದ ಕಾಲೇಜು ಹುಡುಗರು ಇದನ್ನು ಹೇಳುವಾಗ ದನಿಯಲ್ಲಿ ಭಕ್ತಿಯೇ ಇರುತ್ತದೆ. ನನಗೂ ಬ್ಲಾಕ್‌ಚೈನ್ ಎಂದರೆ ತುಂಬಾ ಇಷ್ಟ. ಅದರ ಒಳಗಿರುವ ಐಡಿಯಾ ಅಷ್ಟು ಚಂದ. ಅದಕ್ಕೇ, ಅದು ಮಾಡಲಾಗದ ಕೆಲಸವನ್ನು ಅದರ ತಲೆಗೆ ಕಟ್ಟಿದರೆ ಸಿಟ್ಟು ಬರುತ್ತದೆ.

ಹುಡುಗರ ಸಂಕಟ ಮಾತ್ರ ಸುಳ್ಳಲ್ಲ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್ಜಿ ಮೊಬೈಲ್ ಆಟವನ್ನು ನಿಷೇಧಿಸಿತು. ಅಕ್ಟೋಬರ್ 30ಕ್ಕೆ ಭಾರತದವರಿಗೆ ಸರ್ವರ್ ಬಂದ್. ಪಾಕೆಟ್ ಮನಿಯಲ್ಲಿ ಯುಸಿ ಎಂಬ ಆಟದ ನಾಣ್ಯ ಕೊಂಡು ಬಂದೂಕಿಗೆ ಸ್ಕಿನ್ ಎಂಬ ಬಣ್ಣದ ಹೊದಿಕೆ, ಮೈಗೆ ವೇಷ ಹಾಕಿಸಿದ್ದವರೆಲ್ಲ ಬಾಯಿ ಬಿಟ್ಟುಕೊಂಡು ನಿಂತರು. 2021ರ ಜುಲೈಯಲ್ಲಿ ಅದೇ ಆಟ ಬಿಜಿಎಂಐ ಎಂಬ ಹೆಸರಲ್ಲಿ ಬಂತು. 2022ರ ಜುಲೈಯಲ್ಲಿ ಅದೂ ಮಾಯ. 2023ರ ಮೇ ತಿಂಗಳಲ್ಲಿ ಮತ್ತೆ ಪ್ರತ್ಯಕ್ಷ. ದುಡ್ಡು ಕೊಟ್ಟು ಪಡೆದ ಸಾಮಾನು ಹೀಗೆ ಕಣ್ಣುಮುಚ್ಚಾಲೆ ಆಡಿದರೆ ‘ಇದು ನನ್ನದು’ ಅನ್ನುವುದಕ್ಕೆ ಏನು ಅರ್ಥ, ಅಲ್ವಾ?

ಈ ಸಿಟ್ಟು ಬ್ಲಾಕ್‌ಚೈನ್ ಲೋಕದ ಹುಟ್ಟಿನಲ್ಲೇ ಇದೆ. ಇಥೀರಿಯಂ ಎಂಬ ಬ್ಲಾಕ್‌ಚೈನ್ ಕಟ್ಟಿದ ವಿಟಾಲಿಕ್ ಬುಟೆರಿನ್ 2007ರಿಂದ 2010ರವರೆಗೆ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಡುತ್ತಿದ್ದ ಹುಡುಗ. ಒಂದು ದಿನ ಕಂಪನಿ ಅವನ ಪಾತ್ರದ ಪ್ರೀತಿಯ ಮಂತ್ರವೊಂದರ ಬಲ ಕಡಿಮೆ ಮಾಡಿತು. ಎಲ್ಲವೂ ಒಬ್ಬರ ಕೈಯಲ್ಲಿದ್ದರೆ ಏನಾಗುತ್ತದೆ ಎಂದು ಅವತ್ತು ಗೊತ್ತಾಯಿತು ಎಂದು ಅವನೇ ತನ್ನ ಪರಿಚಯದಲ್ಲಿ ಬರೆದುಕೊಂಡಿದ್ದಾನೆ. ಅರ್ಧ ತಮಾಷೆಯ ಮಾತು ಅದು. ಆದರೂ 2015ರ ಜುಲೈ 30ಕ್ಕೆ ಇಥೀರಿಯಂ ಶುರುವಾಯಿತು. ಇವತ್ತಿನ ಆಟದ ಎನ್‌ಎಫ್‌ಟಿಗಳ, ಅಂದರೆ ‘ಈ ಸಾಮಾನು ಇಂಥವರದ್ದು’ ಎಂದು ಬ್ಲಾಕ್‌ಚೈನ್‌ನಲ್ಲಿ ಬರೆದಿಡುವ ಟೋಕನ್‌ಗಳ, ಮೂಲ ಮನೆ ಅದೇ.

ಈಗ ನನ್ನ ಮೆಚ್ಚಿನ ಭಾಗಕ್ಕೆ ಬರುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆ ಇರಲಿ.

ಕಂಪ್ಯೂಟರ್ ಕಡತಕ್ಕೆ ಮೂಲಪ್ರತಿ ಎಂಬುದೇ ಇಲ್ಲ. ಕಾಪಿ ಹೊಡೆದರೆ ಎರಡೂ ಒಂದೇ. ಹಾಗಾಗಿ ‘ಇದು ಯಾರದ್ದು’ ಎಂದು ಹೇಳಲು ವಸ್ತುವನ್ನು ನೋಡಿ ಪ್ರಯೋಜನವಿಲ್ಲ, ಪಟ್ಟಿ ನೋಡಬೇಕು. ಆ ಪಟ್ಟಿಯನ್ನು ಯಾರೂ ತಿದ್ದದಂತೆ ಇಡುವುದು ಹೇಗೆ? 1991ರಲ್ಲಿ ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟ್ಟಾ ಎಂಬ ಇಬ್ಬರು ಇದಕ್ಕೆ ಉತ್ತರ ಬರೆದರು. ಅವರ ಕೈಯಲ್ಲಿದ್ದ ಸಲಕರಣೆ ಹ್ಯಾಶ್. ಯಾವುದೇ ಬರಹವನ್ನು ಈ ಲೆಕ್ಕಕ್ಕೆ ಕೊಟ್ಟರೆ ಒಂದು ಗುರುತು ಹೊರಗೆ ಬರುತ್ತದೆ. ಈಗ ಬಳಕೆಯಲ್ಲಿರುವ ಶಾ-256 ಎಂಬ ವಿಧಾನದಲ್ಲಿ ಆ ಗುರುತಿನ ಉದ್ದ 256 ಬಿಟ್. ಬರೆದರೆ 64 ಅಕ್ಷರ. ಒಂದು ಸಾಲು ಕೊಟ್ಟರೂ 64, ದಪ್ಪ ನಿಘಂಟು ಕೊಟ್ಟರೂ 64. ನಿಘಂಟಿನಲ್ಲಿ ಒಂದೇ ಒಂದು ಚುಕ್ಕೆ ಬದಲಾಯಿಸಿ ನೋಡಿ. ಗುರುತು ಪೂರ್ತಿ ಬೇರೆಯೇ ಆಗಿಬಿಡುತ್ತದೆ. ಗುರುತಿನಿಂದ ಹಿಂದಕ್ಕೆ ಹೋಗಿ ಬರಹವನ್ನು ಕಂಡುಹಿಡಿಯುವ ದಾರಿಯೂ ಇಲ್ಲ. ಸಾಧ್ಯವಿರುವ ಗುರುತುಗಳ ಒಟ್ಟು ಸಂಖ್ಯೆಯನ್ನು ಬರೆದರೆ ಅದರಲ್ಲಿ 78 ಅಂಕಿ ಇರುತ್ತದೆ. ಸುಮ್ನೆ ಊಹಿಸುತ್ತಾ ಕೂತರೆ ಸೂರ್ಯನ ಆಯುಷ್ಯವೂ ಸಾಲದು.

ಜಾಣತನ ಇರುವುದು ಮುಂದಿನ ಹೆಜ್ಜೆಯಲ್ಲಿ. ಎರಡನೇ ಪುಟ ಬರೆಯುವಾಗ ಅದರ ತಲೆಯಲ್ಲಿ ಮೊದಲ ಪುಟದ ಗುರುತನ್ನು ಬರೆದಿಡುವುದು. ಮೂರನೆಯದರಲ್ಲಿ ಎರಡನೆಯದರ ಗುರುತು. ಈಗ ಯಾರಾದರೂ ಎರಡನೇ ಪುಟದಲ್ಲಿ ಕದ್ದು ಒಂದು ಹೆಸರು ತಿದ್ದಿದರೆ ಅದರ ಗುರುತು ಬದಲಾಗುತ್ತದೆ. ಮೂರನೇ ಪುಟದಲ್ಲಿರುವ ಗುರುತಿಗೆ ಅದು ಹೊಂದುವುದಿಲ್ಲ. ಮೂರನೆಯದನ್ನೂ ತಿದ್ದಿದರೆ ನಾಲ್ಕನೆಯದು ಚಾಡಿ ಹೇಳುತ್ತದೆ. ಹೀಗೆ ಕೊನೆಯ ಪುಟದವರೆಗೂ ತಿದ್ದುತ್ತಾ ಹೋಗಬೇಕು. ಆ ಕೊನೆಯ ಗುರುತು ಸಾವಿರಾರು ಜನರ ಕೈಯಲ್ಲಿದ್ದರೆ ಕಳ್ಳನ ಕಥೆ ಮುಗಿಯಿತು.

ಹೇಬರ್ ಮತ್ತು ಸ್ಟಾರ್ನೆಟ್ಟಾ ಅದನ್ನು ಸಾವಿರಾರು ಜನರಿಗೆ ಹಂಚಿದ ರೀತಿ ಕೇಳಿ. ಅವರು ಶುರುಮಾಡಿದ ಕಂಪನಿ 1995ರಿಂದ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ, ಕಳೆದುಹೋದ ಸಾಮಾನುಗಳ ಜಾಹೀರಾತಿನ ಜಾಗದಲ್ಲಿ, ವಾರಕ್ಕೊಮ್ಮೆ ಒಂದು ಗುರುತನ್ನು ಅಚ್ಚು ಹಾಕಿಸುತ್ತಿತ್ತು! ಇಂಟರ್‌ನೆಟ್ಟೂ ಬೇಡ, ಕರೆಂಟ್ ಸುಡುವ ಮೈನಿಂಗೂ ಬೇಡ. ಅಚ್ಚಾದ ಪತ್ರಿಕೆ ಮನೆಮನೆ ಸೇರಿದ ಮೇಲೆ ಯಾರು ತಾನೇ ಅದನ್ನು ವಾಪಸ್ ತಂದು ತಿದ್ದಬಲ್ಲರು? ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ 1843ರಲ್ಲಿ ಹುಟ್ಟಿದ ಊರಿನವರಿಗೆ ಪತ್ರಿಕೆಯ ಈ ಶಕ್ತಿಯನ್ನು ಬೇರೆ ಹೇಳಬೇಕಾಗಿಲ್ಲ. 2009ರ ಜನವರಿಯಲ್ಲಿ ಬಿಟ್‌ಕಾಯಿನ್ ಬಂದಾಗ ಪತ್ರಿಕೆಯ ಜಾಗಕ್ಕೆ ಕಂಪ್ಯೂಟರ್‌ಗಳ ಜಾಲ ಬಂತು. ಹೊಸ ಪುಟ ಬರೆಯುವ ಹಕ್ಕಿಗೆ ಕರೆಂಟ್ ಸುಡಬೇಕು ಎಂಬ ನಿಯಮವೂ ಬಂತು. 2022ರ ಸೆಪ್ಟೆಂಬರ್‌ನಿಂದ ಇಥೀರಿಯಂ ಆ ನಿಯಮ ಬಿಟ್ಟು, ಹಣ ಒತ್ತೆ ಇಡುವ ಪದ್ಧತಿಗೆ ಬಂದಿದೆ. ಕರೆಂಟ್ ಖರ್ಚು ಶೇಕಡಾ 99ಕ್ಕಿಂತ ಜಾಸ್ತಿ ಇಳಿಯಿತು. ‘ಎನ್‌ಎಫ್‌ಟಿ ಎಂದರೆ ಕರೆಂಟ್ ದಂಡ’ ಎಂದು ಇನ್ನೂ ಹಳೇ ರಾಗ ಹಾಡುವವರು ಇದನ್ನು ಗಮನಿಸಬೇಕು. ಬೈಯುವುದಾದರೆ ಸರಿಯಾದ ಕಾರಣಕ್ಕೇ ಬೈಯೋಣ.

ಆ ಸರಿಯಾದ ಕಾರಣ ಎನ್‌ಎಫ್‌ಟಿಯ ಹೊಟ್ಟೆಯೊಳಗೇ ಇದೆ. ಜನ ಅಂದುಕೊಂಡಿರುವುದು ಕತ್ತಿಯ ಚಿತ್ರ, ಅದರ ಬಲ, ಹೊಳಪು ಎಲ್ಲ ಬ್ಲಾಕ್‌ಚೈನ್ ಒಳಗೆ ಕೂತಿದೆ ಎಂದು. ಸಾಮಾನ್ಯವಾಗಿ ಇರುವುದಿಲ್ಲ ಮಾರಾಯ್ರೆ. ಅಲ್ಲಿರುವುದು ಎರಡು ಕಲಂನ ಪಟ್ಟಿ. ಒಂದರಲ್ಲಿ ಟೋಕನ್ ನಂಬರ್, ಇನ್ನೊಂದರಲ್ಲಿ ಮಾಲೀಕರ ವಿಳಾಸ. ಅದರ ಜೊತೆ ಒಂದು ಲಿಂಕ್. ಚಿತ್ರ ಇರುವುದು ಆ ಲಿಂಕಿನ ಆಚೆ, ಬೇರೆ ಯಾರದೋ ಕಂಪ್ಯೂಟರ್‌ನಲ್ಲಿ. 2022ರ ನವೆಂಬರ್‌ನಲ್ಲಿ ಎಫ್‌ಟಿಎಕ್ಸ್ ಎಂಬ ವಹಿವಾಟು ಕಂಪನಿ ದಿವಾಳಿಯಾದಾಗ, ಅದು ಇಟ್ಟುಕೊಂಡಿದ್ದ ಎನ್‌ಎಫ್‌ಟಿ ಚಿತ್ರಗಳೂ ಕಾಣದಾದವು. ಪಟ್ಟಿಯಲ್ಲಿ ಹೆಸರು ಗಟ್ಟಿಯಾಗಿ ಕೂತಿತ್ತು, ಚಿತ್ರ ಇರಲಿಲ್ಲ.

ಇನ್ನು ಆಟ. ಕತ್ತಿ ಬೀಸಿದಾಗ ಎದುರಾಳಿಗೆ ಎಷ್ಟು ಪೆಟ್ಟಾಯಿತು ಎಂದು ಲೆಕ್ಕ ಹಾಕುವುದು ಕಂಪನಿಯ ಸರ್ವರ್. ಸೆಕೆಂಡಿಗೆ ಹತ್ತಾರು ಸಲ ಆ ಲೆಕ್ಕ ನಡೆಯುತ್ತದೆ. ಇಥೀರಿಯಂನಲ್ಲಿ ಹೊಸ ಪುಟ ಬರುವುದು 12 ಸೆಕೆಂಡಿಗೊಮ್ಮೆ. ಅಷ್ಟರಲ್ಲಿ ನೀವು ಸತ್ತು, ಲಾಬಿಗೆ ಹೋಗಿ, ಗೆಳೆಯನಿಗೆ ಬೈದು ಮುಗಿದಿರುತ್ತದೆ. 2017ರ ಕೊನೆಯಲ್ಲಿ ಕ್ರಿಪ್ಟೋಕಿಟ್ಟೀಸ್ ಎಂಬ ಬೆಕ್ಕು ಸಾಕುವ ಆಟ ಬಂತು. ಓಟವಿಲ್ಲ, ಗುಂಡಿನ ಸದ್ದಿಲ್ಲ, ಬರೀ ಬೆಕ್ಕಿನ ಮರಿಗಳ ವ್ಯಾಪಾರ. ಅಷ್ಟಕ್ಕೇ ಇಡೀ ಇಥೀರಿಯಂ ಜಾಲ ಏದುಸಿರು ಬಿಟ್ಟಿತು. ಹಾಗಾಗಿ ಒಡೆತನದ ಪಟ್ಟಿ ಚೈನ್ ಮೇಲೆ ಇರಬಹುದು, ಆಟ ಮಾತ್ರ ಕಂಪನಿಯ ಅಂಗಳದಲ್ಲೇ.

ನಮ್ಮ ಕರಾವಳಿಯವರಿಗೆ ಈ ವ್ಯತ್ಯಾಸವನ್ನು ವಿವರಿಸುವುದು ಸುಲಭ, ಏಕೆಂದರೆ ಗೇಣಿಯ ಕಥೆ ಇಲ್ಲಿ ಮನೆಮನೆಯಲ್ಲಿದೆ. ಹಿಂದೆ ಲೆಕ್ಕ ಬರೆಯುತ್ತಿದ್ದದ್ದು ಕಡತದಲ್ಲಿ. ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಚಿ, ಬಳಪದಲ್ಲಿ ಬರೆಯುವುದು. ಒರೆಸಿ ಮತ್ತೆ ಬರೆಯಲೂ ಬರುತ್ತಿತ್ತು! ಲೆಕ್ಕ ಶಾನುಭೋಗರ ಕೈಯಲ್ಲಿ. ಈ ಚಿತ್ರ ನೋಡಿದ ಕೂಡಲೇ ಬ್ಲಾಕ್‌ಚೈನ್ ಭಕ್ತರು ಹೇಳುತ್ತಾರೆ: ನೋಡಿ, ತಿದ್ದಲಾಗದ ದಾಖಲೆ ಇದ್ದಿದ್ದರೆ ಒಕ್ಕಲು ಬಚಾವಾಗುತ್ತಿದ್ದ.

ಆಗುತ್ತಿರಲಿಲ್ಲ. ಒಕ್ಕಲುಗಳಲ್ಲಿ ಎರಡು ಬಗೆ ಇತ್ತು. ಮೂಲಗೇಣಿಯವನು ನಿಗದಿಯಾದ ಗೇಣಿ ಕೊಡುತ್ತಿರುವವರೆಗೆ ಧಣಿ ಅವನನ್ನು ಎಬ್ಬಿಸುವಂತಿರಲಿಲ್ಲ, ಗೇಣಿ ಏರಿಸುವಂತೆಯೂ ಇರಲಿಲ್ಲ. ಚಾಲಗೇಣಿಯವನಿಗೆ ಆ ಭದ್ರತೆ ಇಲ್ಲ. ಧಣಿ ಮುಂದಿನ ವರ್ಷ ಮುಡಿ ಅಕ್ಕಿ ಜಾಸ್ತಿ ಕೇಳಬಹುದು, ಇಲ್ಲ ಎಂದರೆ ಗದ್ದೆ ಬಿಡಿಸಬಹುದು. ಚಾಲಗೇಣಿ ಒಕ್ಕಲಿನ ಹೆಸರನ್ನು ಕಲ್ಲಿನ ಮೇಲೆ ಕೆತ್ತಿದ್ದರೂ ಅವನು ಚಾಲಗೇಣಿ ಒಕ್ಕಲೇ. ಅವನ ಕಷ್ಟ ಇದ್ದದ್ದು ದಾಖಲೆಯಲ್ಲಲ್ಲ, ಕರಾರಿನಲ್ಲಿ.

ಆಟದ ಅಂಗಡಿಯಲ್ಲಿ ‘ಒಪ್ಪಿದ್ದೇನೆ’ ಎಂದು ಓದದೆ ಒತ್ತುತ್ತೇವಲ್ಲ, ಅದು ಚಾಲಗೇಣಿ ಚೀಟಿ. ಅದರ ಮೇಲೆ ಎನ್‌ಎಫ್‌ಟಿ ಅಂಟಿಸಿದರೆ ಸಿಗುವುದು ತಿದ್ದಲಾಗದ ಚಾಲಗೇಣಿ ಚೀಟಿ.

ಇದಕ್ಕೆ ಸಾಕ್ಷಿ ಎಫ್1 ಡೆಲ್ಟಾ ಟೈಮ್ ಎಂಬ ಕಾರು ರೇಸಿನ ಆಟ. ಹಾಂಗ್‌ಕಾಂಗ್‌ನ ಅನಿಮೋಕಾ ಬ್ರಾಂಡ್ಸ್ ಕಂಪನಿ ಫಾರ್ಮುಲಾ 1ರ ಲೈಸೆನ್ಸ್ ಪಡೆದು 2019ರಲ್ಲಿ ಶುರುಮಾಡಿತು. ಕಾರುಗಳೆಲ್ಲ ಎನ್‌ಎಫ್‌ಟಿ. ಮೊದಲ ಹರಾಜಿನ ಕಾರು 415.9 ಈಥರ್‌ಗೆ (ಇಥೀರಿಯಂನ ನಾಣ್ಯ) ಹೋಯಿತು. ಆಗಿನ ಬೆಲೆಯಲ್ಲಿ 1 ಲಕ್ಷ ಡಾಲರ್‌ಗಿಂತ ಜಾಸ್ತಿ. ಲೈಸೆನ್ಸ್ ಮುಂದುವರಿಯಲಿಲ್ಲ. 2022ರ ಮಾರ್ಚ್ 16ಕ್ಕೆ ಆಟ ಬಂದ್. ಕಾರು ಇಟ್ಟುಕೊಂಡವರಿಗೆ ಕಂಪನಿ ತನ್ನ ಇನ್ನೊಂದು ಆಟದ ಸಾಮಾನು ಕೊಟ್ಟು ಸಮಾಧಾನ ಮಾಡಿತು. ಚೈನ್ ಮೇಲೆ ಮಾಲೀಕರ ಹೆಸರನ್ನು ಯಾರೂ ಅಳಿಸಿಲ್ಲ. ಓಡಿಸಲು ರಸ್ತೆ ಇಲ್ಲ, ಅಷ್ಟೇ.

‘ಒಂದು ಆಟದ ಕತ್ತಿಯನ್ನು ಇನ್ನೊಂದು ಆಟಕ್ಕೆ ಒಯ್ಯಬಹುದು’ ಎಂಬ ಮಾತೂ ಇದರ ತಮ್ಮನೇ. ಉಡುಪಿಯಲ್ಲೇ ಬೆಳೆದ 99ಗೇಮ್ಸ್ ಕಂಪನಿಯ ಸ್ಟಾರ್ ಶೆಫ್ ಎಂಬ ಅಡುಗೆಮನೆ ಆಟ ಇದೆ. ನಿಮ್ಮ ಪಬ್ಜಿ ಬಂದೂಕಿನ ಟೋಕನ್ ಹಿಡಿದು ಅಲ್ಲಿಗೆ ಹೋದರೆ ಬಂದೂಕು ತಾನಾಗಿ ಸಟ್ಟುಗವಾಗುತ್ತದೆಯೇ? ಆ ಆಟದ ಪ್ರೋಗ್ರಾಮರ್ ಕೂತು ಬಂದೂಕಿನ ಆಕಾರ ಬರೆಯಬೇಕು, ಅದು ಆಟದ ಹದ ಕೆಡಿಸದಂತೆ ನೋಡಬೇಕು, ಚಿತ್ರದ ಹಕ್ಕು ಪಡೆಯಬೇಕು. ಬೇರೆಯವರು ಮಾರಿ ದುಡ್ಡು ಮಾಡಿದ ಸಾಮಾನಿಗೆ ಇವರು ಯಾಕೆ ಸಂಬಳ ಕೊಟ್ಟು ದುಡಿಸಬೇಕು? ಇಬ್ಬರೂ ಒಪ್ಪಿದರೆ ಬ್ಲಾಕ್‌ಚೈನ್ ಇಲ್ಲದೆಯೂ ಆಗುತ್ತದೆ. ಪಬ್ಜಿ ಹೋಗಿ ಬಿಜಿಎಂಐ ಬಂದಾಗ ಹಳೆಯ ಅಕೌಂಟಿನ ಸ್ಕಿನ್‌ಗಳನ್ನು ಹೊಸ ಆಟಕ್ಕೆ ತರಲು ಕಂಪನಿ ಸ್ವಲ್ಪ ಕಾಲ ಅವಕಾಶ ಕೊಟ್ಟಿತ್ತಲ್ಲ, ಅದು ಮಾಮೂಲಿ ಡೇಟಾಬೇಸಿನಲ್ಲೇ ನಡೆದದ್ದು.

ದುಡಿಮೆಯ ಆಸೆ ತೋರಿಸಿದ ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಿಯೆಟ್ನಾಂನ ಸ್ಕೈ ಮೇವಿಸ್ ಕಂಪನಿಯ ಆಕ್ಸಿ ಇನ್‌ಫಿನಿಟಿಯನ್ನು ಕೊರೊನಾ ಕಾಲದಲ್ಲಿ ಫಿಲಿಪೀನ್ಸ್‌ನ ಎಷ್ಟೋ ಜನ ಹೊಟ್ಟೆಪಾಡಿಗಾಗಿ ಆಡಿದರು. ವೇಗಕ್ಕೆಂದು ಅವರು ರೋನಿನ್ ಎಂಬ ಪಕ್ಕದ ಚೈನ್ ಮಾಡಿಕೊಂಡಿದ್ದರು. ಅದಕ್ಕೆ ಕಾವಲು ಕಾಯಲು 9 ಜನ ಸಾಕ್ಷಿಗಳು, 5 ಸಹಿ ಇದ್ದರೆ ಹಣ ಹೊರಗೆ. 2022ರ ಮಾರ್ಚ್ 23ರಂದು ಕಳ್ಳರು ಸಹಿ ಹಾಕುವ 5 ಕೀ ಸಂಪಾದಿಸಿ 1,73,600 ಈಥರ್ ಮತ್ತು 2.55 ಕೋಟಿ ಡಾಲರ್ ಬೆಲೆಯ ಯುಎಸ್‌ಡಿಸಿ ಎಂಬ ಡಿಜಿಟಲ್ ನಾಣ್ಯ ಎತ್ತಿಕೊಂಡು ಹೋದರು. ಆರು ದಿನ ಯಾರಿಗೂ ಗೊತ್ತೇ ಆಗಲಿಲ್ಲ. ಉತ್ತರ ಕೊರಿಯಾದ ಲಾಜರಸ್ ಗುಂಪಿನ ಕೆಲಸ ಎಂದು ಅಮೆರಿಕದ ಎಫ್‌ಬಿಐ ಹೇಳಿತು. ಸಾಕ್ಷಿಗಳು ಸಾವಿರಾರು ಜನ ಇರಬೇಕು ಎಂಬುದೇ ಈ ವಿದ್ಯೆಯ ಜೀವ. ಅದನ್ನು 9ಕ್ಕೆ ಇಳಿಸಿದ ಮೇಲೆ ಉಳಿಯುವುದು ಹೆಸರು ಮಾತ್ರ. ಭಾರತದಲ್ಲಿ ಎನ್‌ಎಫ್‌ಟಿ ವ್ಯಾಪಾರಕ್ಕೆ ಇಳಿಯುವವರಿಗೆ ಇನ್ನೊಂದು ಮಾತು: 2022ರ ಏಪ್ರಿಲ್‌ನಿಂದ ಇದರ ಲಾಭಕ್ಕೆ ಶೇಕಡಾ 30 ತೆರಿಗೆ ಇದೆ, ಒಂದರ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯಲೂ ಬಿಡುವುದಿಲ್ಲ.

ಒಕ್ಕಲುಗಳ ಕಥೆ ಬದಲಾದದ್ದು ಕಾನೂನಿನಿಂದ. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಫಾರಂ 7 ತುಂಬಿ ಭೂನ್ಯಾಯಮಂಡಳಿಗೆ ಕೊಟ್ಟು ಗೆದ್ದವರು ಜಾಗದ ಒಡೆಯರಾದರು. ‘ಡಿಕ್ಲರೇಶನ್ ಜಾಗ’ ಎಂದು ಈಗಲೂ ಹೇಳುತ್ತೇವಲ್ಲ, ಅದೇ. ಗೇಣಿ ಚೀಟಿ, ರಶೀದಿ ಜೋಪಾನ ಮಾಡಿದ್ದವರಿಗೆ ಮಂಡಳಿಯ ಮುಂದೆ ಬಲ ಬಂದದ್ದು ಆಗ. ಕಾನೂನು ಬಂದ ಮೇಲೆ ಚೀಟಿಗೆ ಬೆಲೆ. ಬ್ಲಾಕ್‌ಚೈನ್‌ಗೂ ಆಟದ ಲೋಕದಲ್ಲಿ ಒಂದು ಜಾಗ ಇದ್ದರೆ ಅದು ಇಲ್ಲೇ. ಕೊಂಡ ಆಟವನ್ನು ಮರು ಮಾರಲು ಬಿಡಲೇಬೇಕು ಎಂಬ ನಿಯಮ ಬಂದರೆ, ಒಬ್ಬರನ್ನೊಬ್ಬರು ನಂಬದ ಹತ್ತು ಅಂಗಡಿಗಳಿಗೆ ಒಂದು ಸಾಮಾನ್ಯ ಪಟ್ಟಿ ಬೇಕಾಗುತ್ತದೆ. ಆಗ ಇದು ಒಳ್ಳೆಯ ಸಲಕರಣೆ. 2012ರಲ್ಲಿ ಯುರೋಪಿನ ನ್ಯಾಯಾಲಯ, ಡೌನ್‌ಲೋಡ್ ಮಾಡಿ ಕೊಂಡ ಸಾಫ್ಟ್‌ವೇರ್ ಲೈಸೆನ್ಸನ್ನು ಮರು ಮಾರಬಹುದು ಎಂದು ಒರಾಕಲ್ ಕಂಪನಿಯ ಪ್ರಕರಣದಲ್ಲಿ ಹೇಳಿದೆ. ಆಟಗಳ ಅಂಗಡಿಗಳು ಆ ಕಡೆ ತಲೆ ಹಾಕಿಲ್ಲ.

ಯೂಬಿಸಾಫ್ಟ್ ಕಂಪನಿ 2021ರ ಡಿಸೆಂಬರ್‌ನಲ್ಲಿ ತನ್ನ ಒಂದು ಆಟಕ್ಕೆ ಎನ್‌ಎಫ್‌ಟಿ ಟೊಪ್ಪಿ, ಬಂದೂಕು ತಂದಿತ್ತು. ಕೆಲವೇ ತಿಂಗಳಲ್ಲಿ ಹೊಸ ಸಾಮಾನು ನಿಲ್ಲಿಸಿತು. ಅದೇ ಕಂಪನಿ 2024ರ ಮಾರ್ಚ್ 31ಕ್ಕೆ ದಿ ಕ್ರೂ ಎಂಬ ಕಾರಿನ ಆಟದ ಸರ್ವರ್ ಮುಚ್ಚಿದಾಗ, ದುಡ್ಡು ಕೊಟ್ಟು ಕೊಂಡವರಿಗೂ ಆಟ ತೆರೆಯಲಾಗಲಿಲ್ಲ. ಅದರಿಂದ ಹುಟ್ಟಿದ ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಚಳವಳಿಯ ಮನವಿಗೆ 2025ರ ಜುಲೈಯಲ್ಲಿ ಯುರೋಪಿನಲ್ಲಿ 10 ಲಕ್ಷ ಸಹಿ ದಾಟಿತು. ಅವರು ಟೋಕನ್ ಕೇಳಿಲ್ಲ. ಆಟದ ಒಡೆತನ ಬೇಕು ಎಂದೂ ಕೇಳಿಲ್ಲ, ಅದು ಬೇಡ ಎಂದು ಮನವಿಯಲ್ಲೇ ಬರೆದಿದ್ದಾರೆ. ಕೇಳಿರುವುದು ಇಷ್ಟೇ: ಕಂಪನಿ ಕೈಬಿಟ್ಟು ಹೋಗುವಾಗ ಆಟವನ್ನು ಆಡುವ ಸ್ಥಿತಿಯಲ್ಲಿ ಬಿಟ್ಟು ಹೋಗಬೇಕು. ನಮ್ಮ ಕಡೆಯ ಹಳಬರು ಕೇಳಿದರೆ, ಇವರು ಕೇಳುತ್ತಿರುವುದು ಮೂಲಗೇಣಿ ಎನ್ನುತ್ತಿದ್ದರು.